ಕರೆಂಟಿನ ತಂತಿಯಲ್ಲಿ ಇಂಟರ್ನೆಟ್: ನಿಧಾನದ ಮೂಲ ಎಲ್ಲಿದೆ?

ರೂಟರ್ ಇರುವುದು ಹಾಲ್‌ನಲ್ಲಿ, ಕೆಲಸದ ಕಂಪ್ಯೂಟರ್ ಇರುವುದು ಮಹಡಿಯ ಮೂಲೆಕೋಣೆಯಲ್ಲಿ. ನಡುವೆ ಒಂದು ಆರ್‌ಸಿಸಿ ಚಾವಣಿ, ಎರಡು ಗೋಡೆ. ವೈಫೈ ಅಲ್ಲಿಗೆ ತಲುಪುವಷ್ಟರಲ್ಲಿ ಸೊರಗಿರುತ್ತದೆ. ಲ್ಯಾನ್ ಕೇಬಲ್ ಎಳೆಯೋಣವೆಂದರೆ ಗೋಡೆ ಕೊರೆಯಬೇಕು, ಬಾಡಿಗೆ ಮನೆಯಾದರೆ ಅದು ಆಗದ ಮಾತು. ಇಂಥ ಇಕ್ಕಟ್ಟಿಗೆಂದೇ ಹುಟ್ಟಿದ ಸಾಧನ ಪವರ್‌ಲೈನ್ ಅಡಾಪ್ಟರ್. ಒಂದನ್ನು ರೂಟರ್ ಪಕ್ಕದ ಪ್ಲಗ್ಗಿಗೆ, ಇನ್ನೊಂದನ್ನು ದೂರದ ಕೋಣೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಗೋಡೆಯೊಳಗಿನ ಕರೆಂಟಿನ ತಂತಿಯೇ ಡೇಟಾ ಸಾಗುವ ದಾರಿಯಾಗುತ್ತದೆ. ಹೊಸ ತಂತಿ ಬೇಡ, ಸುತ್ತಿಗೆ ಬೇಡ. ಆದರೆ ಇದನ್ನು ಕೊಂಡವರ ದೂರೂ ಹೆಚ್ಚುಕಡಿಮೆ ಒಂದೇ: ಪೆಟ್ಟಿಗೆಯ ಮೇಲೆ 600 ಮೆಗಾಬಿಟ್ ಎಂದಿದೆ, ಕೈಗೆ ಸಿಗುತ್ತಿರುವುದು 40. ಅಥವಾ ನಿನ್ನೆ ಚೆನ್ನಾಗಿತ್ತು, ಇಂದು ಇಲ್ಲ. ಆಗ ಜನ ಅಡಾಪ್ಟರನ್ನು ಆಫ್ ಮಾಡಿ ಆನ್ ಮಾಡುತ್ತಾರೆ, ರೂಟರ್ ರೀಸೆಟ್ ಮಾಡುತ್ತಾರೆ, ಕೊನೆಗೆ ಹೆಚ್ಚು ಬೆಲೆಯ ಇನ್ನೊಂದು ಜೋಡಿ ತರುತ್ತಾರೆ. ಈ ಹುಡುಕಾಟ ಸಾಮಾನ್ಯವಾಗಿ ತಪ್ಪು ಜಾಗದಲ್ಲಿ ಶುರುವಾಗುತ್ತದೆ ಎಂಬುದು ಈ ಲೇಖನದ ವಾದ. ಪವರ್‌ಲೈನ್ ನಿಧಾನವಾದಾಗ ಮೊದಲು ನೋಡಬೇಕಾದದ್ದು ಮನೆಯ ವೈರಿಂಗನ್ನೂ ಅದಕ್ಕೆ ಜೋತುಬಿದ್ದ ಉಪಕರಣಗಳನ್ನೂ. ನಿಧಾನ ಯಾವ ಹೊತ್ತಿನಲ್ಲಿ, ಯಾವ ಪ್ಲಗ್ಗಿನಲ್ಲಿ, ಯಾವ ದಿಕ್ಕಿನಲ್ಲಿ ಎಂದು ಕೇಳಿಕೊಂಡರೆ ಕಾರಣ ಬಹಳಷ್ಟು ಸಲ ತಾನಾಗಿಯೇ ಹೊರಬೀಳುತ್ತದೆ.

ವಿದ್ಯುತ್ ತಂತಿಯಲ್ಲಿ ಸಂದೇಶ ಕಳಿಸುವ ಉಪಾಯ ಹೊಸದೇನೂ ಅಲ್ಲ. ಭಾರತದ ಹೈಟೆನ್ಷನ್ ಪ್ರಸರಣ ಮಾರ್ಗಗಳಲ್ಲಿ ಸಬ್‌ಸ್ಟೇಷನ್‌ಗಳ ನಡುವೆ ಫೋನ್ ಮಾತುಕತೆಗೆ, ದೋಷ ಕಂಡೊಡನೆ ಲೈನ್ ಕಡಿದುಹಾಕುವ ಸೂಚನೆಗೆ ಪವರ್‌ಲೈನ್ ಕ್ಯಾರಿಯರ್ ವ್ಯವಸ್ಥೆ ದಶಕಗಳಿಂದ ಬಳಕೆಯಲ್ಲಿದೆ. ಸಬ್‌ಸ್ಟೇಷನ್ ಅಂಗಳದಲ್ಲಿ ಲೈನಿಗೆ ಸೇರಿಕೊಂಡಂತೆ ನಿಂತಿರುವ ಅಥವಾ ತೂಗುತ್ತಿರುವ ದೊಡ್ಡ ಡ್ರಮ್ಮಿನಂಥ ಸುರುಳಿಯನ್ನು ಹಲವರು ಕಂಡಿರಬಹುದು. ಅದು ವೇವ್ ಟ್ರ್ಯಾಪ್. ಅದು 50 ಹರ್ಟ್ಸ್‌ನ ವಿದ್ಯುತ್ತನ್ನು ಸಲೀಸಾಗಿ ಬಿಡುತ್ತದೆ. ಸಂದೇಶ ಹೊತ್ತ ಹೆಚ್ಚಿನ ಕಂಪನಾಂಕದ ಸಂಕೇತ ಮಾತ್ರ ಸಬ್‌ಸ್ಟೇಷನ್ನಿನ ಯಂತ್ರಗಳೊಳಕ್ಕೆ ಸೋರಿಹೋಗದಂತೆ ತಡೆಯುತ್ತದೆ. ಸಂಕೇತ ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು ಎಂದು ಅಲ್ಲಿ ಎಂಜಿನಿಯರುಗಳು ಮೊದಲೇ ನಿರ್ಧರಿಸಿ ದಾರಿ ಕಟ್ಟಿರುತ್ತಾರೆ. ಮನೆಯಲ್ಲಿ ಆ ಕೆಲಸವನ್ನು ಯಾರೂ ಮಾಡಿರುವುದಿಲ್ಲ. ಎಲೆಕ್ಟ್ರಿಷಿಯನ್ ವೈರ್ ಎಳೆದದ್ದು ಬಲ್ಬು, ಫ್ಯಾನು, ಗೀಸರ್‌ಗೆಂದು. ಆ ತಂತಿಯ ಮೇಲೆ ನಾವು ಆಮೇಲೆ ಲಕ್ಷಾಂತರ ಪಟ್ಟು ವೇಗವಾಗಿ ಕಂಪಿಸುವ ಸಂಕೇತವನ್ನು ಹೇರುತ್ತೇವೆ, ಅದು ಮನೆಯ ಪ್ರತಿಯೊಂದು ಕವಲಿಗೂ ಪ್ರತಿಯೊಂದು ಉಪಕರಣಕ್ಕೂ ಹರಿದುಹೋಗುತ್ತದೆ. ಸಬ್‌ಸ್ಟೇಷನ್ನಿಗೂ ಮನೆಗೂ ಇರುವ ಈ ವ್ಯತ್ಯಾಸವೇ ಮುಂದಿನ ಎಲ್ಲ ತೊಂದರೆಗಳ ತವರು.

ಮೊದಲು ಪೆಟ್ಟಿಗೆಯ ಮೇಲಿನ ಸಂಖ್ಯೆಯ ಲೆಕ್ಕ ಚುಕ್ತಾ ಮಾಡಿಬಿಡೋಣ. ಮನೆಬಳಕೆಯ ಈ ತಂತ್ರಜ್ಞಾನಕ್ಕೆ ಒಂದು ಮಾನದಂಡ ರೂಪಿಸಲು ಕಂಪನಿಗಳು 2000ದಲ್ಲಿ ಹೋಮ್‌ಪ್ಲಗ್ ಒಕ್ಕೂಟ ಕಟ್ಟಿದವು. 2001ರ ಮೊದಲ ಆವೃತ್ತಿಯ ವೇಗ 14 ಮೆಗಾಬಿಟ್. 2005ರ ಹೋಮ್‌ಪ್ಲಗ್ ಎವಿ ಅದನ್ನು 200ಕ್ಕೆ ಏರಿಸಿತು. 2012ರ ಎವಿ2 ಬಂದಮೇಲೆ ಪೆಟ್ಟಿಗೆಗಳ ಮೇಲೆ 1200, 2000 ಎಂಬ ಸಂಖ್ಯೆಗಳು ಕಾಣಿಸಿಕೊಂಡವು. ಇವೆಲ್ಲ ತಂತಿಯ ಮೇಲೆ ಆದರ್ಶ ಸ್ಥಿತಿಯಲ್ಲಿ ಸಾಧ್ಯವಿರುವ ಕಚ್ಚಾ ವೇಗ. ದೋಷ ತಿದ್ದುವ ಹೆಚ್ಚುವರಿ ಬಿಟ್‌ಗಳು, ಸರದಿಗಾಗಿ ಕಾಯುವ ಸಮಯ, ಹಾಳಾದ ತುಣುಕುಗಳ ಮರುರವಾನೆ ಇವಿಷ್ಟೂ ಆ ಸಂಖ್ಯೆಯಿಂದಲೇ ಕಳೆಯಬೇಕು. ಮೇಲಾಗಿ ಒಂದು ಹೊತ್ತಿಗೆ ಒಂದೇ ಅಡಾಪ್ಟರ್ ಮಾತಾಡಬಹುದು, ಹೋಗುವ ಮತ್ತು ಬರುವ ಡೇಟಾ ಎರಡಕ್ಕೂ ಇರುವುದು ಒಂದೇ ದಾರಿ. ಇನ್ನೂ ಸೋಜಿಗದ ಸಂಗತಿಯೆಂದರೆ 500, 600 ಎಂದು ಬರೆದುಕೊಂಡ ಎಷ್ಟೋ ಮಾದರಿಗಳಲ್ಲಿ ಲ್ಯಾನ್ ಪೋರ್ಟೇ 100 ಮೆಗಾಬಿಟ್‌ನದು. ಅಂಥದರಲ್ಲಿ ತಂತಿ ಎಷ್ಟೇ ಶುದ್ಧವಾಗಿದ್ದರೂ 100ನ್ನು ದಾಟುವ ಮಾತಿಲ್ಲ. ಆದ್ದರಿಂದ ಅಂಥ 600ರ ಅಡಾಪ್ಟರಿನಲ್ಲಿ 80 ಸಿಕ್ಕರೆ ಅಲ್ಲಿ ದೋಷ ಹುಡುಕುವುದು ವ್ಯರ್ಥ, ಸಾಧನ ತನ್ನ ಮಿತಿಯ ಹತ್ತಿರವೇ ಕೆಲಸ ಮಾಡುತ್ತಿದೆ. ಹುಡುಕಾಟ ಬೇಕಾಗುವುದು ವೇಗ ಅದಕ್ಕಿಂತ ಬಹಳ ಕೆಳಗಿಳಿದಾಗ, ಇಲ್ಲವೇ ಏರುಪೇರಾಗುತ್ತಿದ್ದಾಗ.

ಎರಡನೆಯ ಪೂರ್ವಸಿದ್ಧತೆ ಅಳತೆ. ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ನಡೆಸಿ ಪವರ್‌ಲೈನನ್ನು ದೂರುವುದು ನ್ಯಾಯವಲ್ಲ. ಆ ಸಂಖ್ಯೆಯಲ್ಲಿ ಇಂಟರ್ನೆಟ್ ಕಂಪನಿಯ ಲೈನು, ರೂಟರ್, ಅಡಾಪ್ಟರು, ಕೋಣೆಯ ವೈಫೈ ನಾಲ್ಕೂ ಬೆರೆತಿರುತ್ತವೆ. ಇವುಗಳನ್ನು ಬಿಡಿಸಬೇಕು. ಮೊದಲು ರೂಟರಿಗೆ ನೇರವಾಗಿ ಲ್ಯಾನ್ ಕೇಬಲ್ ಹಾಕಿ ಇಂಟರ್ನೆಟ್ ವೇಗ ನೋಡಬೇಕು. ಆಮೇಲೆ ಮನೆಯೊಳಗಿನ ಎರಡು ಕಂಪ್ಯೂಟರುಗಳ ನಡುವೆ, ಒಂದು ರೂಟರಿನ ಬಳಿ, ಇನ್ನೊಂದು ದೂರದ ಅಡಾಪ್ಟರಿನ ಬಳಿ, ಐಪರ್ಫ್3 ಎಂಬ ಉಚಿತ ತಂತ್ರಾಂಶದಿಂದ ಅಳೆಯಬೇಕು. ಇಂಟರ್ನೆಟ್ಟನ್ನು ಮುಟ್ಟದ ಈ ಅಳತೆಯಲ್ಲಿ ಹೊರಗಿನ ಲೈನಿನ ದೋಷ ಬೆರೆಯುವುದಿಲ್ಲ. ಎರಡೂ ತುದಿಯಲ್ಲಿ ವೈಫೈ ಬಿಟ್ಟು ಕೇಬಲ್ಲನ್ನೇ ಬಳಸಬೇಕು, ಆ ಕೇಬಲ್ಲುಗಳನ್ನೂ ಒಮ್ಮೆ ಬದಲಿಸಿ ನೋಡಬೇಕು. ಗಿಗಾಬಿಟ್ ಸಂಪರ್ಕಕ್ಕೆ ಲ್ಯಾನ್ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, ಕ್ರಿಂಪ್ ಮಾಡುವಾಗ ಒಂದೆಳೆ ಸಡಿಲವಾದರೂ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಕೊನೆಯದಾಗಿ, ಎರಡೂ ಅಡಾಪ್ಟರುಗಳನ್ನು ಒಂದೇ ಕೋಣೆಯ ಅಕ್ಕಪಕ್ಕದ ಎರಡು ಪ್ಲಗ್ಗಿಗೆ ಸಿಕ್ಕಿಸಿ ಅಳೆಯಬೇಕು. ಅಲ್ಲೂ ವೇಗ ಬರದಿದ್ದರೆ ಅಡಾಪ್ಟರೇ ಕೆಟ್ಟಿರುವ ಸಂಭವ ಹೆಚ್ಚು. ಸದಾ ಬಿಸಿಯಾಗಿರುವ ಈ ಪುಟ್ಟ ಡಬ್ಬಿಗಳೊಳಗಿನ ಕೆಪಾಸಿಟರುಗಳು ವರ್ಷಗಳು ಕಳೆದಂತೆ ಸೊರಗುತ್ತವೆ. ಅಕ್ಕಪಕ್ಕ ಇಟ್ಟಾಗ ವೇಗ ಚೆನ್ನಾಗಿದ್ದು ದೂರದ ಕೋಣೆಯಲ್ಲಿ ಕುಸಿದರೆ ಅಡಾಪ್ಟರ್ ನಿರಪರಾಧಿ, ವಿಚಾರಣೆಗೆ ಕರೆಯಬೇಕಾದದ್ದು ನಡುವಿನ ವೈರಿಂಗನ್ನು.

ಆ ವೈರಿಂಗಿನಲ್ಲಿ ಏನಾಗುತ್ತದೆ ಎಂಬುದನ್ನು ತುಸು ನಿಂತು ನೋಡಬೇಕು. ಹೋಮ್‌ಪ್ಲಗ್ ಎವಿ ಸುಮಾರು 2ರಿಂದ 28 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಸಾವಿರಕ್ಕೂ ಹೆಚ್ಚು ಕಿರಿದಾದ ವಾಹಕಗಳಾಗಿ ಸೀಳಿಕೊಳ್ಳುತ್ತದೆ. ಪ್ರತಿ ವಾಹಕದಲ್ಲಿ ಸಂಕೇತ ಎಷ್ಟು ಗಟ್ಟಿ, ಗದ್ದಲ ಎಷ್ಟು ಎಂದು ಅಳೆದು, ಶುದ್ಧವಾದದ್ದಕ್ಕೆ ಹೆಚ್ಚು ಬಿಟ್, ಮಲಿನವಾದದ್ದಕ್ಕೆ ಕಡಿಮೆ, ತೀರಾ ಹಾಳಾದದ್ದಕ್ಕೆ ಸೊನ್ನೆ ಎಂದು ಹಂಚುತ್ತದೆ. ಹಾಗಾಗಿ ಪವರ್‌ಲೈನ್ ಕಡಿದುಬೀಳುವುದು ಅಪರೂಪ, ಮೆಲ್ಲನೆ ಸವೆಯುವುದೇ ಅದರ ಸ್ವಭಾವ. ಅಡಾಪ್ಟರಿನ ದೀಪ ಉರಿಯುತ್ತಲೇ ಇರುತ್ತದೆ, ವೇಗ ಮಾತ್ರ ಹತ್ತನೇ ಒಂದಕ್ಕೆ ಇಳಿದಿರುತ್ತದೆ. ವೇಗ ಕುಸಿಯುವುದು ಎರಡು ರೀತಿಯಲ್ಲಿ: ಸಂಕೇತ ದಾರಿಯಲ್ಲಿ ಕಳೆದುಹೋಗಬಹುದು, ಅಥವಾ ಗದ್ದಲ ಅದನ್ನು ಮುಳುಗಿಸಬಹುದು. ಕಳೆದುಹೋಗುವುದಕ್ಕೆ ಒಂದು ಲೆಕ್ಕ ಸಾಕು. ಸ್ಪೈಕ್ ಗಾರ್ಡ್, ಕಂಪ್ಯೂಟರಿನ ಪವರ್ ಸಪ್ಲೈ, ಟಿವಿ ಇವುಗಳ ಒಳಬಾಗಿಲಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಗದ್ದಲ ಸೋಸುವ ಕೆಪಾಸಿಟರ್ ಇರುವುದುಂಟು. 0.1 ಮೈಕ್ರೋಫ್ಯಾರಡ್‌ನ ಒಂದನ್ನು ತೆಗೆದುಕೊಳ್ಳಿ. 50 ಹರ್ಟ್ಸ್‌ನ ಕರೆಂಟಿಗೆ ಅದು ಒಡ್ಡುವ ತಡೆ ಸುಮಾರು 32,000 ಓಮ್, ಅಂದರೆ ಅದು ಇಲ್ಲವೇ ಇಲ್ಲ ಎನ್ನಬಹುದು. ಅದೇ ಕೆಪಾಸಿಟರ್ 10 ಮೆಗಾಹರ್ಟ್ಸ್‌ನ ಸಂಕೇತಕ್ಕೆ ಒಡ್ಡುವ ತಡೆ 0.16 ಓಮ್. ಆ ಕಂಪನಾಂಕದಲ್ಲಿ ಅದು ಎರಡು ತಂತಿಯನ್ನು ಜೋಡಿಸಿಟ್ಟ ಶಾರ್ಟ್ ಸರ್ಕ್ಯೂಟ್‌ಗೆ ಸಮ. ಎಕ್ಸ್‌ಟೆನ್ಷನ್ ಬೋರ್ಡ್ ಅಥವಾ ಸ್ಪೈಕ್ ಗಾರ್ಡಿಗೆ ಅಡಾಪ್ಟರ್ ಸಿಕ್ಕಿಸಬೇಡಿ, ಗೋಡೆಯ ಪ್ಲಗ್ಗಿಗೇ ನೇರವಾಗಿ ಹಾಕಿ ಎಂದು ಕೈಪಿಡಿಗಳು ಹೇಳುವುದು ಇದೇ ಕಾರಣಕ್ಕೆ. ಈ ಸಲಹೆಯನ್ನು ಹಲವರು ಔಪಚಾರಿಕ ಎಚ್ಚರಿಕೆಯೆಂದು ಕಡೆಗಣಿಸುತ್ತಾರೆ. ಖರ್ಚಿಲ್ಲದ ಪರಿಹಾರಗಳಲ್ಲಿ ಇದಕ್ಕಿಂತ ಫಲ ಕೊಡುವುದು ಬೇರೊಂದಿಲ್ಲ.

ಇನ್ನು ಮೊದಲ ಪ್ರಶ್ನೆ: ನಿಧಾನ ಯಾವ ಹೊತ್ತಿನಲ್ಲಿ? ಸಂಜೆ ಏಳರಿಂದ ಹತ್ತರವರೆಗೆ ಕುಂಟುತ್ತ ಬೆಳಗಿನ ಜಾವ ಓಡುವ ಸಂಪರ್ಕಕ್ಕೆ ಎರಡು ವಿವರಣೆ ಸಾಧ್ಯ. ಆ ಹೊತ್ತಿಗೆ ಬಡಾವಣೆಯವರೆಲ್ಲ ಇಂಟರ್ನೆಟ್ ಬಳಸುತ್ತಿರಬಹುದು, ಅಥವಾ ಮನೆಯ ದೀಪಗಳು, ಟಿವಿ, ಚಾರ್ಜರುಗಳು ಒಟ್ಟಿಗೆ ಚಾಲೂ ಆಗಿರಬಹುದು. ಐಪರ್ಫ್ ಅಳತೆಯೂ ಆ ಹೊತ್ತಿನಲ್ಲಿ ಇಳಿದರೆ ಎರಡನೆಯದೇ ನಿಜ. ಯಾವ ಉಪಕರಣ ಎಂಬುದರಲ್ಲಿ ನಮ್ಮ ಊಹೆ ಹೆಚ್ಚಾಗಿ ದಾರಿ ತಪ್ಪುತ್ತದೆ, ಹೆಚ್ಚು ಕರೆಂಟು ಎಳೆಯುವುದೇ ಹೆಚ್ಚು ಗದ್ದಲ ಮಾಡುತ್ತದೆ ಎಂದುಕೊಳ್ಳುತ್ತೇವೆ. 2000 ವಾಟ್‌ನ ಗೀಸರ್ ಬರೀ ಕಾಯುವ ಕಾಯಿಲ್, ಉರಿಯುತ್ತಿರುವಷ್ಟು ಹೊತ್ತೂ ಅದು ಮೌನಿ. ಹತ್ತು ವಾಟ್‌ನ ಅಗ್ಗದ ಮೊಬೈಲ್ ಚಾರ್ಜರ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಕಡಿದು ಜೋಡಿಸುತ್ತದೆ. ಸೋಸುವ ಬಿಡಿಭಾಗಗಳನ್ನು ತಯಾರಕ ಉಳಿಸಿದ್ದರೆ ಆ ಕಡಿತದ ಚೂರುಗಳೆಲ್ಲ ತಂತಿಗೆ ಬೀಳುತ್ತವೆ. ಅಗ್ಗದ ಎಲ್‌ಇಡಿ ಬಲ್ಬು, ಬಿಎಲ್‌ಡಿಸಿ ಫ್ಯಾನು, ಇಂಡಕ್ಷನ್ ಒಲೆ, ಸೋಲಾರ್ ಇನ್ವರ್ಟರ್ ಎಲ್ಲವೂ ಈ ಜಾತಿಯವು. ದೀಪದ ಡಿಮ್ಮರ್ ಪ್ರತಿ ಅರ್ಧ ಆವರ್ತನದಲ್ಲಿ ಒಮ್ಮೆ, ಅಂದರೆ ಸೆಕೆಂಡಿಗೆ 100 ಸಲ, ನಿಯತವಾಗಿ ಕುಟುಕುತ್ತದೆ. ಎವಿ ಅಡಾಪ್ಟರುಗಳು 50 ಹರ್ಟ್ಸ್‌ನ ಲಯಕ್ಕೇ ತಾಳ ಹಾಕಿಕೊಂಡು, ಆವರ್ತನದ ಬೇರೆಬೇರೆ ಭಾಗಕ್ಕೆ ಬೇರೆಬೇರೆ ಬಿಟ್ ಹಂಚಿಕೆ ಇಟ್ಟುಕೊಳ್ಳಬಲ್ಲವಾದ್ದರಿಂದ ಇಂಥ ನಿಯತ ಗದ್ದಲವನ್ನು ಅಷ್ಟಿಷ್ಟು ತಾಳಿಕೊಳ್ಳುತ್ತವೆ. ಮಿಕ್ಸಿಯದು ಬೇರೆ ಕಥೆ. ಅದರ ಮೋಟರಿನ ಕಾರ್ಬನ್ ಬ್ರಷ್‌ಗಳಲ್ಲಿ ಹಾರುವ ಕಿಡಿಗೆ ಲಯವಿಲ್ಲ. ಚಟ್ನಿ ರುಬ್ಬುವ ಎರಡು ನಿಮಿಷ ವಿಡಿಯೋ ಕರೆ ತೊದಲಿದರೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಮೊದಲು ಚೆನ್ನಾಗಿತ್ತು, ಈಗ ಇಲ್ಲ ಎಂಬ ದೂರಿಗೂ ಇಲ್ಲೇ ಒಂದು ಉತ್ತರ ಸಿಗುತ್ತದೆ. 2015ರಲ್ಲಿ ಉಜಾಲಾ ಯೋಜನೆ ಆರಂಭವಾಗಿ, ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಎಲ್‌ಇಡಿ ಬಲ್ಬುಗಳು ಮನೆಮನೆಗೆ ಹೋದವು. ಅದಕ್ಕೆ ಮುಂಚೆ ಮನೆಯ ವಿದ್ಯುತ್ ಹೊರೆಯಲ್ಲಿ ದೊಡ್ಡ ಪಾಲು ಫಿಲಮೆಂಟ್ ಬಲ್ಬು, ಇಂಡಕ್ಷನ್ ಮೋಟರಿನ ಫ್ಯಾನು, ಇಸ್ತ್ರಿಪೆಟ್ಟಿಗೆಯಂಥ ಸರಳ ಸಾಮಾನುಗಳದಾಗಿತ್ತು. ಇಂದು ಅದೇ ಸ್ವಿಚ್ ಬೋರ್ಡುಗಳ ತುದಿಯಲ್ಲಿ ಹತ್ತಾರು ಪುಟ್ಟ ಎಲೆಕ್ಟ್ರಾನಿಕ್ ಪವರ್ ಸಪ್ಲೈಗಳಿವೆ. ಕರೆಂಟು ಬಿಲ್ಲಿನ ದೃಷ್ಟಿಯಿಂದ ಇದು ಲಾಭ, ಪವರ್‌ಲೈನಿಗೆ ಮಾತ್ರ ವರ್ಷದಿಂದ ವರ್ಷಕ್ಕೆ ಗದ್ದಲ ಏರುವ ಪರಿಸರ. ಅಡಾಪ್ಟರ್ ಅದೇ, ತಂತಿ ಅದೇ, ಆದರೆ ತಂತಿಯ ನೆರೆಹೊರೆ ಬದಲಾಗಿದೆ. ಪತ್ತೆ ಹಚ್ಚುವ ವಿಧಾನ ಸುಲಭ: ಅಳತೆ ಓಡುತ್ತಿರುವಾಗಲೇ ಒಂದೊಂದೇ ಉಪಕರಣದ ಪ್ಲಗ್ ಕೀಳುತ್ತ ಹೋಗುವುದು. ಸ್ವಿಚ್ ಆರಿಸಿದರೆ ಸಾಲದೆ ಎಂದು ಕೇಳಬಹುದು. ಸ್ವಿಚ್ ಫೇಸಿನ ತಂತಿಯನ್ನು ಮಾತ್ರ ಕಡಿಯುತ್ತದೆ, ಹಾಗಾಗಿ ಪ್ಲಗ್ ಕಿತ್ತರೇ ಅನುಮಾನಕ್ಕೆ ಎಡೆಯಿರುವುದಿಲ್ಲ. ತಪ್ಪಿತಸ್ಥ ಸಿಕ್ಕಮೇಲೆ ಅದನ್ನು ಬದಲಿಸಬಹುದು, ಅದರ ವೈರಿಗೆ ಗದ್ದಲ ತಗ್ಗಿಸುವ ಫೆರೈಟ್ ಕ್ಲಿಪ್ ಹಾಕಬಹುದು. ಫಿಲ್ಟರ್ ಇರುವ ಸ್ಪೈಕ್ ಗಾರ್ಡಿನ ಹಿಂದೆಯೂ ಅದನ್ನು ಇರಿಸಬಹುದು. ಅಡಾಪ್ಟರಿಗೆ ಶತ್ರುವಾದ ಅದೇ ಸ್ಪೈಕ್ ಗಾರ್ಡ್ ಗದ್ದಲದ ಉಪಕರಣವನ್ನು ಕಟ್ಟಿಹಾಕಲು ನೆರವಾಗುತ್ತದೆ, ಆದರೆ ಅದನ್ನು ಅಡಾಪ್ಟರ್ ಇರುವ ಪ್ಲಗ್ಗಿನಿಂದ ಆದಷ್ಟು ದೂರ ಇಡಬೇಕು, ಇಲ್ಲದಿದ್ದರೆ ಅದರ ಕೆಪಾಸಿಟರ್ ಗದ್ದಲದ ಜೊತೆಗೆ ಸಂಕೇತವನ್ನೂ ನುಂಗುತ್ತದೆ.

ಎರಡನೆಯ ಪ್ರಶ್ನೆ: ಯಾವ ಪ್ಲಗ್ಗಿನಲ್ಲಿ? ಇಲ್ಲಿ ಕಣ್ಣಳತೆಯ ದೂರ ಲೆಕ್ಕಕ್ಕೆ ಬರುವುದಿಲ್ಲ. ಅಕ್ಕಪಕ್ಕದ ಎರಡು ಕೋಣೆಗಳ ನಡುವೆ ಒಂಬತ್ತಿಂಚಿನ ಗೋಡೆಯಷ್ಟೇ ಇರಬಹುದು, ಆದರೆ ಆ ಕೋಣೆಗಳ ವೈರಿಂಗ್ ಬೇರೆಬೇರೆ ಎಂಸಿಬಿಗಳಿಂದ ಹೊರಟಿದ್ದರೆ ಸಂಕೇತ ಒಂದರಿಂದ ಎಂಸಿಬಿಗಳಿರುವ ಡಿಬಿ ಬಾಕ್ಸಿನವರೆಗೆ ಹೋಗಿ ಇನ್ನೊಂದರ ದಾರಿ ಹಿಡಿದು ಮರಳಬೇಕು. ದಾರಿಯಲ್ಲಿ ಎರಡು ಎಂಸಿಬಿ, ಎಷ್ಟೋ ಜಾಯಿಂಟು. ಮಹಡಿಗೆ ಪ್ರತ್ಯೇಕ ಡಿಬಿ ಇದ್ದರೆ ಇನ್ನಷ್ಟು. ಕವಲುಗಳ ಕಾಟ ಬೇರೆ. 10 ಮೆಗಾಹರ್ಟ್ಸ್‌ನ ಅಲೆಯ ಉದ್ದ ತಂತಿಯೊಳಗೆ ಸುಮಾರು 20 ಮೀಟರ್. ಅದರ ಕಾಲು ಭಾಗ, ಅಂದರೆ 5 ಮೀಟರ್ ಉದ್ದದ, ತುದಿಯಲ್ಲಿ ಏನೂ ಇಲ್ಲದ ಒಂದು ಕವಲು ದಾರಿಯಲ್ಲಿ ಸಿಕ್ಕರೆ, ಅಲ್ಲಿಗೆ ಹೋಗಿ ಪ್ರತಿಫಲಿಸಿ ಬಂದ ಅಲೆ ಮೂಲ ಅಲೆಗೆ ಎದುರಾಗಿ ನಿಂತು ಅದನ್ನು ಅಳಿಸುತ್ತದೆ. ಏನೂ ಸಿಕ್ಕಿಸದ ಖಾಲಿ ಪ್ಲಗ್ ಪಾಯಿಂಟ್ ಕೂಡ ಹೀಗೆ ಕೆಲವು ವಾಹಕಗಳನ್ನು ಕೊಲ್ಲಬಲ್ಲದು. ಬೇರೆ ಉದ್ದದ ಕವಲು ಬೇರೆ ಕಂಪನಾಂಕವನ್ನು ಕೊಲ್ಲುತ್ತದೆ. ಆದ್ದರಿಂದ ಒಂದೇ ಕೋಣೆಯ ಎರಡು ಪ್ಲಗ್ಗುಗಳ ನಡುವೆ ವೇಗದಲ್ಲಿ ಗಮನಾರ್ಹ ವ್ಯತ್ಯಾಸ ಕಂಡರೆ ಅದು ಪವಾಡವೂ ಅಲ್ಲ, ಅಡಾಪ್ಟರಿನ ಚಂಚಲತೆಯೂ ಅಲ್ಲ. ಕೋಣೆಯ ಎಲ್ಲ ಪ್ಲಗ್ಗುಗಳಲ್ಲೂ ಅಳೆದು ಉತ್ತಮವಾದದ್ದನ್ನು ಆರಿಸಿ, ಉಳಿದ ದೂರಕ್ಕೆ ಉದ್ದದ ಲ್ಯಾನ್ ಕೇಬಲ್ ಬಳಸುವುದು ಜಾಣತನ.

ನಮ್ಮ ಮನೆಗಳಿಗೇ ವಿಶೇಷವಾದ ಮೂರು ಸಂಗತಿಗಳು ಈ ಪ್ರಶ್ನೆಯೊಳಗೆ ಬರುತ್ತವೆ. ಈ ತಂತ್ರಜ್ಞಾನದ ಸಲಹೆಗಳು ಹೆಚ್ಚಾಗಿ ಅಮೆರಿಕ, ಬ್ರಿಟನ್, ಜರ್ಮನಿಗಳ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡವು. ಅಮೆರಿಕದ ಮನೆಗೆ 120 ವೋಲ್ಟ್‌ನ ಎರಡು ಲೈನ್ ಬರುತ್ತವೆ, ಬ್ರಿಟನ್ನಿನಲ್ಲಿ ಪ್ಲಗ್ಗುಗಳು ಉಂಗುರದಂತೆ ಸುತ್ತುವ ತಂತಿಯ ಮೇಲಿರುತ್ತವೆ. ಬೆಂಗಳೂರಿನ, ಹುಬ್ಬಳ್ಳಿಯ ಎರಡು ಮಹಡಿಯ ಮನೆಗೆ ಮೂರು ಫೇಸ್ ಬಂದಿದ್ದು ಕೆಳಮಹಡಿ ಒಂದು ಫೇಸಿನಲ್ಲಿ, ಮೇಲ್ಮಹಡಿ ಇನ್ನೊಂದರಲ್ಲಿ ಇರುವುದು ಸಾಮಾನ್ಯ. ಎರಡು ಫೇಸ್‌ಗಳ ನಡುವೆ ನೇರ ತಂತಿಯಿಲ್ಲ. ಒಂದೇ ಪೈಪಿನಲ್ಲಿ ಜೊತೆಜೊತೆಗೆ ಹೋಗುವ ತಂತಿಗಳ ನಡುವೆ, ಡಿಬಿಯೊಳಗೆ, ಸಂಕೇತ ಅಷ್ಟಿಷ್ಟು ಹಾರಿಕೊಳ್ಳುತ್ತದೆ, ಅಷ್ಟೇ. ಎರಡನೆಯದು ಯುಪಿಎಸ್ ಲೈನ್. ರೂಟರ್ ಕರೆಂಟು ಹೋದಾಗಲೂ ನಡೆಯಲೆಂದು ಇನ್ವರ್ಟರಿನ ಲೈನಿಗೆ ಹಾಕಿರುತ್ತೇವೆ, ಅದರ ಪಕ್ಕದ ಅಡಾಪ್ಟರೂ ಅಲ್ಲೇ. ದೂರದ ಅಡಾಪ್ಟರ್ ಮಾತ್ರ ಮೇನ್ ಲೈನಿನ ಪ್ಲಗ್ಗಿನಲ್ಲಿ. ಆಗ ಸಂಕೇತ ಇನ್ವರ್ಟರಿನ ರಿಲೇ, ಫಿಲ್ಟರುಗಳ ಮೂಲಕವೇ ತೂರಬೇಕು. ಕರೆಂಟು ಹೋದೊಡನೆ ದೂರದ ಅಡಾಪ್ಟರ್ ಆರಿಹೋಗುತ್ತದೆ. ಎರಡನ್ನೂ ಒಂದೇ ಲೈನಿನಲ್ಲಿ ಇಡುವುದು ಉತ್ತಮ. ಮೂರನೆಯದು ಅರ್ಥಿಂಗ್. ಎವಿ2ರ ಮೇಲ್ದರ್ಜೆಯ ಅಡಾಪ್ಟರುಗಳು ಫೇಸ್-ನ್ಯೂಟ್ರಲ್ ಜೋಡಿಯ ಜೊತೆಗೆ ಅರ್ಥ್ ತಂತಿಯನ್ನೂ ಎರಡನೆಯ ದಾರಿಯಾಗಿ ಬಳಸುತ್ತವೆ. ಹಳೆಯ ಮನೆಗಳಲ್ಲಿ ಮೂರನೆಯ ತೂತು ತೋರಿಕೆಗಷ್ಟೇ ಇದ್ದು ಒಳಗೆ ತಂತಿಯೇ ಇಲ್ಲದಿರಬಹುದು, ವಿದೇಶಿ ಪಿನ್ನಿನ ಅಡಾಪ್ಟರಿಗೆ ಹಾಕುವ ಅಗ್ಗದ ಕನ್ವರ್ಟರಿನಲ್ಲೂ ಅರ್ಥ್ ಕೈಬಿಟ್ಟಿರಬಹುದು. ಆಗ ಆ ಎರಡನೆಯ ದಾರಿ ಮುಚ್ಚಿದಂತೆಯೇ. ಅರ್ಥಿಂಗ್ ಇಲ್ಲದಿರುವುದು ಇಂಟರ್ನೆಟ್ಟಿಗಿಂತ ಮೊದಲು ಜೀವಕ್ಕೆ ಅಪಾಯ, ಅದನ್ನು ಸರಿಪಡಿಸಲು ವೇಗದ ನೆಪ ಬೇಕಾಗಿಲ್ಲ.

ಮೂರನೆಯ ಪ್ರಶ್ನೆ, ಯಾವ ದಿಕ್ಕಿನಲ್ಲಿ ಎಂಬುದು, ಬಹುತೇಕ ಯಾರೂ ಕೇಳದ್ದು. ಹೇಳುವುದು ಮಾತ್ರ ಅದೇ ಹೆಚ್ಚು. ತಂತಿಯ ಮೇಲೆ ಸಂಕೇತ ಕ್ಷೀಣಿಸುವುದು ಎರಡೂ ದಿಕ್ಕಿನಲ್ಲಿ ಹೆಚ್ಚುಕಡಿಮೆ ಸಮಾನ. ಗದ್ದಲ ಹಾಗಲ್ಲ, ತನ್ನ ಮೂಲದ ಬಳಿ ಜೋರಾಗಿರುತ್ತದೆ, ದೂರ ಹೋದಂತೆ ತಗ್ಗುತ್ತದೆ. ಕೇಳುವವನ ಕಿವಿಯ ಬಳಿ ಡೋಲು ಬಡಿಯುತ್ತಿದ್ದರೆ ಅವನಿಗೆ ಮಾತು ಕೇಳಿಸದು, ಆದರೆ ಅವನು ಆಡಿದ ಮಾತು ದೂರದಲ್ಲಿರುವವನಿಗೆ ಕೇಳಿಸುತ್ತದೆ. ಹಾಗೆಯೇ ಮಹಡಿಯ ಕೋಣೆಗೆ ಡೌನ್‌ಲೋಡ್ 20, ಅಲ್ಲಿಂದ ಅಪ್‌ಲೋಡ್ 90 ಎಂದು ಅಳತೆ ಹೇಳಿದರೆ ಗದ್ದಲದ ಮೂಲ ಮಹಡಿಯ ಕೋಣೆಯಲ್ಲೇ, ಆ ಅಡಾಪ್ಟರಿನ ಆಸುಪಾಸಿನಲ್ಲೇ ಇದೆ. ಅಂಕೆಗಳು ತಲೆಕೆಳಗಾಗಿದ್ದರೆ ರೂಟರಿನ ಬಳಿ ಹುಡುಕಬೇಕು, ಕೆಲವೊಮ್ಮೆ ರೂಟರಿನದೇ ಅಗ್ಗದ ಪವರ್ ಅಡಾಪ್ಟರ್ ಅಪರಾಧಿ. ಎರಡೂ ದಿಕ್ಕು ಸಮನಾಗಿ ಕುಸಿದಿದ್ದರೆ ಗದ್ದಲಕ್ಕಿಂತ ದಾರಿಯ ಮೇಲೆಯೇ ಅನುಮಾನ ಹೆಚ್ಚಬೇಕು: ಫೇಸ್ ಬೇರೆ, ಸ್ಪೈಕ್ ಗಾರ್ಡ್ ನಡುವೆ, ತಂತಿ ಉದ್ದ. ಐಪರ್ಫ್‌ನಲ್ಲಿ ದಿಕ್ಕು ತಿರುಗಿಸಿ ಅಳೆಯುವ ಆಯ್ಕೆಯಿದೆ. ಅಡಾಪ್ಟರ್ ಕಂಪನಿಗಳು ಕೊಡುವ ತಂತ್ರಾಂಶಗಳಲ್ಲೂ, ಓಪನ್-ಪಿಎಲ್‌ಸಿ-ಯುಟಿಲ್ಸ್ ಎಂಬ ಮುಕ್ತ ಸಾಧನದಲ್ಲೂ ಕಳಿಸುವ ಮತ್ತು ಪಡೆಯುವ ವೇಗ ಬೇರೆಬೇರೆಯಾಗಿ ಕಾಣುತ್ತದೆ. ಅಲ್ಲಿ ಕಾಣುವುದು ಕಚ್ಚಾ ವೇಗ, ನಿಜವಾಗಿ ಸಿಗುವುದು ಅದರ ಅರ್ಧಕ್ಕಿಂತ ಕಡಿಮೆಯೂ ಇರಬಹುದು ಎಂಬುದನ್ನು ಮರೆಯಬಾರದು. ಇಡೀ ಮನೆಯ ಉಪಕರಣಗಳನ್ನು ಕೀಳುವ ಬದಲು ಒಂದು ಕೋಣೆಯದನ್ನಷ್ಟೇ ಕಿತ್ತು ನೋಡುವಂತೆ ಮಾಡುವ ಈ ಒಂದು ಅಳತೆ ಅರ್ಧ ದಿನದ ಕೆಲಸವನ್ನು ಹತ್ತು ನಿಮಿಷಕ್ಕೆ ಇಳಿಸುತ್ತದೆ.

ಮೂರೂ ಪ್ರಶ್ನೆಗೆ ಸಿಕ್ಕದ ಕಾರಣವೊಂದು ಉಳಿಯುತ್ತದೆ: ಹಂಚಿಕೆ. ಮನೆಯಲ್ಲಿ ನಾಲ್ಕು ಅಡಾಪ್ಟರುಗಳಿದ್ದರೆ ನಾಲ್ಕಕ್ಕೂ ಸೇರಿ ಒಂದೇ ದಾರಿ. ಅವುಗಳಲ್ಲಿ ಒಂದು ತೀರಾ ಕೆಟ್ಟ ಪ್ಲಗ್ಗಿನಲ್ಲಿದ್ದರೆ, ಅಷ್ಟೇ ಡೇಟಾ ಸಾಗಿಸಲು ಅದು ಹೆಚ್ಚು ಹೊತ್ತು ದಾರಿ ಹಿಡಿದಿಟ್ಟುಕೊಂಡು ಉಳಿದವನ್ನೂ ಕಾಯಿಸುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಫ್ಲ್ಯಾಟಿನ ಅಡಾಪ್ಟರುಗಳ ಸಂಕೇತ ಒಟ್ಟೊಟ್ಟಿಗೆ ಹಾದುಬಂದ ತಂತಿಗಳ ಮೂಲಕ ಇಣುಕಬಹುದು. ಎವಿ ಅಡಾಪ್ಟರುಗಳು 128 ಬಿಟ್‌ನ ಎಇಎಸ್ ಗೂಢಲಿಪಿ ಬಳಸುತ್ತವೆ, ಆದರೆ ಕಾರ್ಖಾನೆಯಿಂದ ಬಂದಾಗ ಎಲ್ಲದರ ಕೀಲಿಯೂ ಒಂದೇ ಆಗಿರಬಹುದಾದ್ದರಿಂದ ಪೇರ್ ಗುಂಡಿ ಒತ್ತಿ ಹೊಸ ಕೀಲಿ ಮಾಡಿಕೊಳ್ಳುವುದು ಅಗತ್ಯ. ಹಾಗೆ ಮಾಡಿದರೆ ಗುಟ್ಟು ಉಳಿಯುತ್ತದೆ, ದಾರಿ ಹಂಚಿಕೊಳ್ಳುವುದು ತಪ್ಪುವುದಿಲ್ಲ. ಹೋಮ್‌ಪ್ಲಗ್ ವಂಶದ ಅಡಾಪ್ಟರೂ, 2010ರ ಹೊತ್ತಿಗೆ ರೂಪುಗೊಂಡ ಜಿ.ಎಚ್‌ಎನ್ ಮಾನದಂಡದ ಅಡಾಪ್ಟರೂ ಒಂದರ ಭಾಷೆ ಇನ್ನೊಂದಕ್ಕೆ ಅರ್ಥವಾಗದವು. ಒಂದೇ ಮನೆಯಲ್ಲಿ ಎರಡನ್ನೂ ಹಾಕಿದರೆ ಒಂದಕ್ಕೊಂದು ಗದ್ದಲವಾಗುವ ಸಂಭವವೇ ಹೆಚ್ಚು.

ಇಷ್ಟೆಲ್ಲ ಏಕೆ, ಹೊಸ ಮಾದರಿ ಕೊಂಡರೆ ಸಾಲದೆ ಎಂಬುದು ಮೊದಲ ಆಕ್ಷೇಪ. ಇದರಲ್ಲಿ ಸ್ವಲ್ಪ ಹುರುಳಿದೆ. ಎವಿ2, ಜಿ.ಎಚ್‌ಎನ್ ಎರಡೂ ಹೆಚ್ಚು ಅಗಲದ ಪಟ್ಟಿ ಬಳಸುತ್ತವೆ, ಅರ್ಥ್ ತಂತಿ ಸರಿಯಿದ್ದರೆ ಮೇಲ್ದರ್ಜೆಯ ಮಾದರಿಗಳು ಎರಡು ದಾರಿಯಲ್ಲಿ ಕಳಿಸುತ್ತವೆ. ಆದರೆ ಎವಿ2 ಹೊಸದಾಗಿ ಸೇರಿಸಿಕೊಂಡದ್ದು 30ರಿಂದ 86 ಮೆಗಾಹರ್ಟ್ಸ್‌ವರೆಗಿನ ಪಟ್ಟಿ. ಕಂಪನಾಂಕ ಹೆಚ್ಚಿದಂತೆ ತಂತಿಯಲ್ಲಿ ಸಂಕೇತ ಬೇಗ ಕ್ಷೀಣಿಸುತ್ತದೆ. ಹಾಗಾಗಿ ಹೊಸ ಮಾದರಿಯ ಲಾಭ ಹೆಚ್ಚಾಗಿ ಸಿಗುವುದು ಈಗಾಗಲೇ ಚೆನ್ನಾಗಿರುವ, ಹತ್ತಿರದ ಸಂಪರ್ಕಕ್ಕೆ. ಎರಡು ಡಿಬಿ ದಾಟಿ ಬೇರೆ ಫೇಸಿಗೆ ಹಾರಬೇಕಾದ ಬಡ ಸಂಪರ್ಕಕ್ಕೆ ಆ ಮೇಲಿನ ಪಟ್ಟಿ ಇದ್ದೂ ಇಲ್ಲದಂತೆ. ಹಳೆಯ 100 ಮೆಗಾಬಿಟ್ ಪೋರ್ಟಿನ ಅಡಾಪ್ಟರ್ ತನ್ನ ಮಿತಿಯನ್ನೇ ಮುಟ್ಟುತ್ತಿದ್ದರೆ ಗಿಗಾಬಿಟ್ ಪೋರ್ಟಿನದು ಕೊಳ್ಳುವುದು ಸರಿ. 20ರಲ್ಲಿ ತೆವಳುತ್ತಿದ್ದರೆ ಮೊದಲು ಪ್ಲಗ್ ಬದಲಿಸಿ ನೋಡಬೇಕು. ಯಾವುದು ನಮ್ಮ ಸ್ಥಿತಿ ಎಂದು ತಿಳಿಯಲು ಬೇಕಾದದ್ದು ಮತ್ತೆ ಅದೇ ಅಳತೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಮೆಶ್ ವೈಫೈ ಬಂದಮೇಲೆ ಪವರ್‌ಲೈನ್ ಕಾಲ ಮುಗಿಯಿತಲ್ಲವೇ? ಗಾಳಿಯಲ್ಲಿ ಸಂಕೇತ ಸಲೀಸಾಗಿ ಹೋಗುವ ಮನೆಗಳಲ್ಲಿ ಈ ಮಾತು ಒಪ್ಪತಕ್ಕದ್ದೇ, ಅಲ್ಲಿ ಪವರ್‌ಲೈನಿಗೆ ಹಟ ಹಿಡಿಯಬೇಕಿಲ್ಲ. ಆದರೆ ಮೆಶ್ ಘಟಕಗಳು ತಮ್ಮತಮ್ಮಲ್ಲಿ ಮಾತಾಡುವುದೂ ಗಾಳಿಯಲ್ಲೇ. 5 ಗಿಗಾಹರ್ಟ್ಸ್‌ನ ಅಲೆ ಕಬ್ಬಿಣದ ಸರಳು ಹಾಸಿದ ಆರ್‌ಸಿಸಿ ಚಾವಣಿಯನ್ನು, ಹಳೆಯ ಮನೆಗಳ ದಪ್ಪ ಕಲ್ಲುಗೋಡೆಯನ್ನು ದಾಟುವಾಗ ಬಹಳಷ್ಟು ಕಳೆದುಕೊಳ್ಳುತ್ತದೆ. ಅಂಥ ಕಡೆ ಎರಡು ಮೆಶ್ ಘಟಕಗಳನ್ನು ಪವರ್‌ಲೈನಿನಿಂದ ಜೋಡಿಸುವುದು ಇಂದಿಗೂ ಉಪಯುಕ್ತ. ತಂತ್ರಜ್ಞಾನವೇ ಸತ್ತಿದೆ ಎನ್ನುವುದಂತೂ ನಿಜವಲ್ಲ. ರಸ್ತೆಬದಿಯ ಸಿಸಿಎಸ್ ಫಾಸ್ಟ್ ಚಾರ್ಜರಿಗೆ ಎಲೆಕ್ಟ್ರಿಕ್ ಕಾರನ್ನು ಸಿಕ್ಕಿಸಿದಾಗ ಕಾರು ಮತ್ತು ಚಾರ್ಜರ್ ಮಾತಾಡುವುದು ಹೋಮ್‌ಪ್ಲಗ್ ಕುಟುಂಬದ್ದೇ ಆದ ಗ್ರೀನ್ ಫೈ ಮಾನದಂಡದಲ್ಲಿ. ಅಲ್ಲಿ ಅದು ತಕರಾರಿಲ್ಲದೆ ನಡೆಯಲು ಕಾರಣ ಸ್ಪಷ್ಟ: ವೇಗದ ಆಸೆ ಕಡಿಮೆ, ತಂತಿ ಗಿಡ್ಡ, ಕವಲಿಲ್ಲ, ಆ ಕೆಲಸಕ್ಕೆಂದೇ ಇಟ್ಟ ತಂತಿ. ತಂತ್ರ ಒಂದೇ, ತಂತಿಯ ಪರಿಸರ ಬದಲಾದೊಡನೆ ಫಲ ಬದಲಾಗುತ್ತದೆ.

ಇಷ್ಟು ಶ್ರಮಕ್ಕೆ ತಕ್ಕ ಫಲ ಇದೆಯೇ ಎಂಬುದು ಮೂರನೆಯ ಆಕ್ಷೇಪ. ಉತ್ತರ ನಮಗೆ ಎಷ್ಟು ವೇಗ ಬೇಕು ಎಂಬುದರ ಮೇಲಿದೆ. 4ಕೆ ವಿಡಿಯೋ ಒಂದಕ್ಕೆ 15ರಿಂದ 25 ಮೆಗಾಬಿಟ್, ಒಳ್ಳೆಯ ವಿಡಿಯೋ ಕರೆಗೆ ನಾಲ್ಕು ಸಾಕು. ಏರುಪೇರಿಲ್ಲದ 60 ಸಿಕ್ಕರೆ ಒಂದು ಕೋಣೆಗೆ ಧಾರಾಳ. ನೇರ ಪ್ಲಗ್ಗಿಗೆ ಬದಲಿಸುವುದು, ಪ್ಲಗ್ ಪಾಯಿಂಟುಗಳನ್ನು ಅಳೆಯುವುದು, ದಿಕ್ಕು ನೋಡಿ ಒಂದು ಕೋಣೆಯ ಉಪಕರಣಗಳನ್ನು ಕಿತ್ತು ಪರೀಕ್ಷಿಸುವುದು ಇವಿಷ್ಟೂ ಒಂದು ಸಂಜೆಯ ಕೆಲಸ, ಖರ್ಚಿಲ್ಲ. ಅದರಾಚೆ ಎರಡು ಫೇಸ್‌ಗಳ ನಡುವೆ ಸಂಕೇತ ದಾಟಿಸುವ ಕಪ್ಲರ್ ಕೂರಿಸುವುದು, ಅರ್ಥಿಂಗ್ ಸರಿಪಡಿಸುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾತ್ರ ಮಾಡಬೇಕಾದದ್ದು. ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್ ಇರುವ ಡಿಬಿ ಬಾಕ್ಸನ್ನು ಕುತೂಹಲಕ್ಕೆ ತೆರೆಯಬಾರದು. ಉಚಿತ ಪರೀಕ್ಷೆಗಳೆಲ್ಲ ಮುಗಿದಮೇಲೂ ಎರಡೂ ದಿಕ್ಕಿನಲ್ಲಿ, ಎಲ್ಲ ಹೊತ್ತಿನಲ್ಲಿ, ಎಲ್ಲ ಪ್ಲಗ್ಗಿನಲ್ಲಿ ವೇಗ ಬಾರದಿದ್ದರೆ ಆ ಎರಡು ಕೋಣೆಗಳ ನಡುವಿನ ವೈರಿಂಗ್ ಈ ಕೆಲಸಕ್ಕೆ ಒಗ್ಗದ್ದು ಎಂದು ತೀರ್ಮಾನಿಸಿ ನಿಲ್ಲಿಸಬೇಕು. ಆಗ ಮೆಟ್ಟಿಲಿನ ಪಕ್ಕದಲ್ಲೋ ಹೊರಗೋಡೆಯ ಮೇಲೋ ಒಂದು ಲ್ಯಾನ್ ಕೇಬಲ್ ಎಳೆಸುವ ಖರ್ಚು, ಮೂರನೆಯ ಜೋಡಿ ಅಡಾಪ್ಟರಿನ ಬೆಲೆಗಿಂತ ಕಡಿಮೆಯೇ ಆಗಬಹುದು. ಮನೆ ಕಟ್ಟಿಸುತ್ತಿರುವವರಿಗಂತೂ ಸಲಹೆ ಒಂದೇ: ಚಾವಣಿ ಹಾಕುವ ಮುನ್ನ ಪ್ರತಿ ಕೋಣೆಗೂ ಕರೆಂಟಿನದರ ಜೊತೆ ಇನ್ನೊಂದು ಖಾಲಿ ಪೈಪ್ ಬಿಡಿಸಿ. ಕರೆಂಟಿನ ತಂತಿ ಇಂಟರ್ನೆಟ್ಟನ್ನೂ ಹೊರಬಲ್ಲದು, ಆದರೆ ಹೊರಲೆಂದು ಎಳೆದ ತಂತಿಯಲ್ಲ ಅದು. ಅದರಿಂದ ಎಷ್ಟು ಕೆಲಸ ತೆಗೆಯಬಹುದು, ಎಲ್ಲಿ ಕೈಬಿಡಬೇಕು ಎಂಬ ಎರಡನ್ನೂ ನಿರ್ಧರಿಸಬೇಕಾದದ್ದು ಪೆಟ್ಟಿಗೆಯ ಮೇಲಿನ ಅಂಕೆಯಿಂದಲ್ಲ, ಮನೆಯೊಳಗೆ ಮಾಡಿದ ಅಳತೆಯಿಂದ.